ಹೆರಿಗೆಯ ನಂತರ ಹೊಟ್ಟೆ ಮತ್ತು ಸ್ತನಗಳಿಗೆ ಒಟ್ಟಿಗೆ ಶಸ್ತ್ರಚಿಕಿತ್ಸೆ: ನಿರ್ಧಾರದಿಂದ ಚೇತರಿಕೆಯವರೆಗೆ ಸಮಗ್ರ ಮಾರ್ಗದರ್ಶಿ

ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಅಕ್ಕ ಮನೆಗೆ ಬಂದ ದಿನ ಅವಳ ಮೂರು ವರ್ಷದ ಮಗ ಮಂಚದ ಪಕ್ಕ ನಿಂತು ಎರಡೂ ಕೈ ಮೇಲೆ ಚಾಚಿದ. ಅವನ ತೂಕ ಹದಿನಾಲ್ಕು ಕಿಲೋ. ಆರು ವಾರಗಳ ಕಾಲ ಐದು ಕಿಲೋಗಿಂತ ಹೆಚ್ಚಿನ ಭಾರ ಎತ್ತಬಾರದು ಎಂದು ಅಕ್ಕನಿಗೆ ಸರ್ಜನ್ ಹೇಳಿ ಕಳಿಸಿದ್ದರು. ಅವಳು ಕೈ ನೀಡಲಿಲ್ಲ, ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಆಪರೇಷನ್ ಥಿಯೇಟರಿನೊಳಗೆ ಅವಳು ಕಳೆದದ್ದು ನಾಲ್ಕೂವರೆ ಗಂಟೆ. ಅದಕ್ಕಾಗಿ ನಾವು ಎಂಟು ತಿಂಗಳು ತಯಾರಿ ನಡೆಸಿದ್ದೆವು. ಆ ಎತ್ತಿದ ಕೈಗಳಿಗೆ ಮಾತ್ರ ಯಾವ ತಯಾರಿಯನ್ನೂ ಮಾಡಿಕೊಂಡಿರಲಿಲ್ಲ.

ಹೀಗಾಗಿ ಆ ಆರು ವಾರಗಳಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ, ಅಕ್ಕನ ಆರೈಕೆ ಮಾಡಿದವಳು. ನಿಮ್ಮ ಸರ್ಜನ್ ಬೇರೆ ಮಾತು ಹೇಳಿದರೆ ಅವರ ಮಾತೇ ನಡೆಯಲಿ.

ಮೊದಲ ಹೆಜ್ಜೆ: ಹೊಟ್ಟೆಗೆ ಏನಾಗಿದೆ ಎಂದು ತಿಳಿಯಿರಿ

ಹೆರಿಗೆಯ ನಂತರ "ಹೊಟ್ಟೆ ಇಳಿಯಲಿಲ್ಲ" ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಅದರೊಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ. ಚರ್ಮ ಹಿಗ್ಗಿ ಸಡಿಲವಾಗಿರಬಹುದು, ಕೊಬ್ಬು ಸೇರಿರಬಹುದು, ಸ್ನಾಯು ಅಗಲಿರಬಹುದು. ಕೊಬ್ಬು ಆಹಾರ ಮತ್ತು ನಡಿಗೆಗೆ ಕರಗುತ್ತದೆ. ಸಡಿಲಗೊಂಡು ಮಡಿಕೆ ಬಿದ್ದ ಚರ್ಮ ಯಾವ ಎಣ್ಣೆಗೂ ಕ್ರೀಮಿಗೂ ಬಿಗಿಯಾಗುವುದಿಲ್ಲ. ಸ್ನಾಯುವಿನ ವಿಷಯ ಇವೆರಡರ ನಡುವೆ ಇದೆ.

ಹೊಟ್ಟೆಯ ಮುಂಭಾಗದಲ್ಲಿ ಎದೆಗೂಡಿನಿಂದ ಕೆಳಕ್ಕೆ ಎರಡು ಉದ್ದನೆಯ ಸ್ನಾಯುಗಳಿವೆ. ನಡುವೆ ಅವನ್ನು ಬೆಸೆದಿರುವ ಬಿಳಿಯ ನಾರಿನ ಪಟ್ಟಿಯೊಂದಿದೆ. ಗರ್ಭ ಬೆಳೆದಂತೆ ಆ ಪಟ್ಟಿ ಹಿಗ್ಗಿ ಸ್ನಾಯುಗಳು ಪಕ್ಕಕ್ಕೆ ಸರಿಯುತ್ತವೆ. ಹೆಚ್ಚಿನವರಲ್ಲಿ ಹೆರಿಗೆಯ ನಂತರದ ತಿಂಗಳುಗಳಲ್ಲಿ ಅವು ಮತ್ತೆ ಹತ್ತಿರ ಬರುತ್ತವೆ, ಕೆಲವರಲ್ಲಿ ಬರುವುದಿಲ್ಲ. ಸಹಜ ಹೆರಿಗೆಯಾದರೂ ಸಿಸೇರಿಯನ್ ಆದರೂ ಹೀಗಾಗಬಹುದು.

ಮನೆಯಲ್ಲೇ ನೋಡಿಕೊಳ್ಳಬಹುದು. ಅಂಗಾತ ಮಲಗಿ, ಮಂಡಿ ಮಡಚಿ, ಬೆರಳ ತುದಿಗಳನ್ನು ಹೊಕ್ಕುಳಿನ ಮೇಲೆ ಅಡ್ಡಲಾಗಿ ಇಟ್ಟು, ತಲೆಯನ್ನು ಮಾತ್ರ ನಿಧಾನವಾಗಿ ಎತ್ತಿ. ಎರಡೂ ಕಡೆಯ ಸ್ನಾಯು ಗಟ್ಟಿಯಾಗುವುದು ಬೆರಳಿಗೆ ತಿಳಿಯುತ್ತದೆ. ನಡುವೆ ಎರಡು ಬೆರಳಿಗಿಂತ ಹೆಚ್ಚು ಅಗಲದ ತಗ್ಗು ಸಿಕ್ಕರೆ, ಅಥವಾ ಹೊಟ್ಟೆಯ ನಡುವೆ ಉದ್ದಕ್ಕೆ ದಿಬ್ಬದಂತೆ ಉಬ್ಬಿದರೆ, ಫಿಸಿಯೊಥೆರಪಿಸ್ಟರನ್ನು ಕಾಣಿ. ಹೊಕ್ಕುಳಿನಲ್ಲಿ ಕೆಮ್ಮಿದಾಗ ಮೆತ್ತನೆಯ ಗಂಟು ಹೊರಬಂದರೆ ಅದು ಹರ್ನಿಯಾ ಇರಬಹುದು. ಅದನ್ನು ಸರ್ಜನ್‌ಗೆ ತೋರಿಸಿ, ಬೇಕೆಂದರೆ ಅಲ್ಟ್ರಾಸೌಂಡ್ ಮಾಡಿಸುತ್ತಾರೆ.

ನಮ್ಮಲ್ಲಿ ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆ ಸುತ್ತಿ ಬಿಗಿಯಾಗಿ ಕಟ್ಟುತ್ತಾರೆ. ಸೊಂಟಕ್ಕೆ ಅದು ಒಳ್ಳೆಯ ಆಸರೆ, ಕಟ್ಟಿಸಿಕೊಂಡವರಿಗೆ ಹಿತ ಎನಿಸುತ್ತದೆ. ಆದರೆ ಹಿಗ್ಗಿದ ಪಟ್ಟಿಯನ್ನು ಸೀರೆ ಮತ್ತೆ ಬೆಸೆಯುವುದಿಲ್ಲ. ಹಾಗಾಗಿ "ನೀನು ಸರಿಯಾಗಿ ಕಟ್ಟಿಸಿಕೊಳ್ಳಲಿಲ್ಲ, ಅದಕ್ಕೇ ಹೀಗಾಯಿತು" ಎಂದು ಯಾರಾದರೂ ಅಂದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇನ್ನೊಂದು ತಪ್ಪು ಮಾತು, ಹಾಲೂಡಿಸಿದ್ದರಿಂದಲೇ ಸ್ತನಗಳು ಜೋತುಬಿದ್ದವು ಎಂಬುದು. ಎಷ್ಟು ಬಾರಿ ಗರ್ಭ ಧರಿಸಿದರು, ವಯಸ್ಸೆಷ್ಟು, ತೂಕ ಎಷ್ಟು ಏರಿಳಿಯಿತು, ಧೂಮಪಾನ ಇದೆಯೇ ಎಂಬುವುಗಳೇ ಅದಕ್ಕೆ ಕಾರಣ. ಈ ಎರಡನೆಯ ಮಾತು ಕೇಳಿ ಮಗುವಿಗೆ ಹಾಲು ಬಿಡಿಸಿದ ಒಬ್ಬ ಹುಡುಗಿಯನ್ನು ನಾನು ಬಲ್ಲೆ. ಇಂದಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಎರಡನೆಯದು: ಕಾಯುವುದು

ಹೆರಿಗೆಯಾಗಿ ಕನಿಷ್ಠ ಆರು ತಿಂಗಳು ಕಳೆಯಬೇಕು. ಸ್ತನದ ಶಸ್ತ್ರಚಿಕಿತ್ಸೆಯೂ ಸೇರಿದ್ದರೆ ಹಾಲೂಡಿಸುವುದು ಪೂರ್ತಿ ನಿಂತ ಮೇಲೆ ಮತ್ತೆ ಮೂರರಿಂದ ಆರು ತಿಂಗಳು ಬೇಕು. ಹಾಲು ಬತ್ತಿದ ಮೇಲೆಯೇ ಸ್ತನದ ನಿಜವಾದ ಗಾತ್ರ ನಿಲ್ಲುತ್ತದೆ. ತೂಕ ಕೆಲವು ತಿಂಗಳುಗಳಿಂದ ಒಂದೇ ಮಟ್ಟದಲ್ಲಿರಬೇಕು. ಇದು ತೂಕ ಇಳಿಸುವ ಶಸ್ತ್ರಚಿಕಿತ್ಸೆಯಲ್ಲ. ಎತ್ತರಕ್ಕೆ ತೂಕ ಎಷ್ಟೆಂದು ಅಳೆಯುವ ಬಿಎಂಐ 30 ದಾಟಿದ್ದರೆ ಗಾಯ ಬಿಟ್ಟುಕೊಳ್ಳುವುದು, ಸೋಂಕು, ರಕ್ತ ಹೆಪ್ಪುಗಟ್ಟುವುದು ಎಲ್ಲವೂ ಹೆಚ್ಚು, ಹಾಗಾಗಿ ಮೊದಲು ತೂಕ ಇಳಿಸಿಕೊಂಡು ಬರಲು ಅನೇಕ ಸರ್ಜನ್‌ಗಳು ಹೇಳುತ್ತಾರೆ.

ಮುಂದೆ ಇನ್ನೊಂದು ಮಗು ಬೇಕೆಂಬ ಯೋಚನೆ ಇದ್ದರೆ ಈಗ ಬೇಡ. ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರವೂ ಗರ್ಭ ಧರಿಸಬಹುದು, ಆದರೆ ಹೊಲಿದ ಸ್ನಾಯು ಮತ್ತೆ ಹಿಗ್ಗುತ್ತದೆ, ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ.

ಕಾಯುವ ತಿಂಗಳುಗಳನ್ನು ವ್ಯರ್ಥ ಮಾಡಬೇಡಿ. ಎರಡು ಮೂರು ತಿಂಗಳು ತಜ್ಞರ ಬಳಿ ಒಳಸ್ನಾಯುಗಳ ವ್ಯಾಯಾಮ ಮಾಡಿದರೆ ಕೆಲವರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳುವುದಿಲ್ಲ. ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುತ್ತಿದ್ದರೆ ಅದಕ್ಕೆ ಬೇಕಾದದ್ದು ಶ್ರೋಣಿಯ ತಳದ, ಅಂದರೆ ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹಿಡಿದಿರುವ ಸ್ನಾಯುಗಳ ವ್ಯಾಯಾಮ. ಹೊಟ್ಟೆ ಬಿಗಿ ಮಾಡಿಸಿಕೊಂಡರೆ ಅದೂ ಸರಿಹೋಗುತ್ತದೆಂದು ನಂಬಿಕೊಂಡು ಹೋಗಬೇಡಿ.

ಮನಸ್ಸಿನ ಕಡೆಗೂ ಒಮ್ಮೆ ನೋಡಿಕೊಳ್ಳಿ. ನಿದ್ದೆ ಬಾರದೆ, ಅಳು ಉಕ್ಕಿ ಬಂದು, ಯಾವುದರಲ್ಲೂ ಆಸೆ ಇಲ್ಲದಂತಾಗಿದ್ದರೆ ಅದು ಹೆರಿಗೆಯ ನಂತರದ ಖಿನ್ನತೆ ಇರಬಹುದು. ಮೊದಲು ಅದಕ್ಕೆ ಚಿಕಿತ್ಸೆ ಆಗಲಿ. ಗಂಡನೋ ಅತ್ತೆಯೋ ಆಡಿದ ಮಾತಿಗೆ ನೊಂದು ತೆಗೆದುಕೊಂಡ ನಿರ್ಧಾರವಾದರೆ ಅದನ್ನು ಇನ್ನಾರು ತಿಂಗಳು ಮುಂದೂಡಿ.

ಮೂರನೆಯದು: ಏನೇನು ಒಟ್ಟಿಗೆ, ಏನು ಬೇಡ

ಸಾಮಾನ್ಯವಾಗಿ ಒಟ್ಟಿಗೆ ಮಾಡುವುದು ಮೂರು: ಹೊಟ್ಟೆ ಬಿಗಿಗೊಳಿಸುವ ಟಮ್ಮಿ ಟಕ್, ಸ್ತನಗಳನ್ನು ಮೇಲೆತ್ತುವುದು, ಸೊಂಟದ ಪಕ್ಕಗಳಿಂದ ಲೈಪೊಸಕ್ಷನ್ ಮೂಲಕ ಕೊಬ್ಬು ತೆಗೆಯುವುದು. ಒಂದೇ ಅರಿವಳಿಕೆ, ಒಂದೇ ಚೇತರಿಕೆ ಎಂಬುದು ಇದರ ಲಾಭ. ಆದರೆ ಥಿಯೇಟರಿನಲ್ಲಿ ಕಳೆಯುವ ಗಂಟೆ ಹೆಚ್ಚಿದಂತೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಏರುತ್ತದೆ. ಒಟ್ಟು ಸಮಯ ಆರು ಗಂಟೆ ದಾಟುವಂತಿದ್ದರೆ ಎರಡು ಕಂತಿನಲ್ಲಿ, ನಡುವೆ ಕೆಲವು ತಿಂಗಳ ಅಂತರದಲ್ಲಿ ಮಾಡಿಸಿಕೊಳ್ಳುವುದೇ ಜಾಣತನ.

ಟಮ್ಮಿ ಟಕ್‌ನಲ್ಲಿ ಸಿಸೇರಿಯನ್ ಗೆರೆಯ ಮಟ್ಟದಲ್ಲಿ, ಆದರೆ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕೊಯ್ಯುತ್ತಾರೆ. ಚರ್ಮವನ್ನು ಮೇಲಕ್ಕೆ ಬಿಡಿಸಿ, ಅಗಲಿದ ಸ್ನಾಯುಗಳನ್ನು ನಡುವೆ ಹತ್ತಿರ ತಂದು ಹೊಲಿದು, ಚರ್ಮವನ್ನು ಕೆಳಕ್ಕೆಳೆದು ಹೆಚ್ಚಾದದ್ದನ್ನು ಕತ್ತರಿಸುತ್ತಾರೆ. ಹೊಕ್ಕುಳು ಇದ್ದಲ್ಲೇ ಇರುತ್ತದೆ, ಅದಕ್ಕೆ ಚರ್ಮದಲ್ಲಿ ಹೊಸ ಕಿಂಡಿ ಮಾಡುತ್ತಾರೆ. ಹೊಕ್ಕುಳಿನ ಕೆಳಗಿನ ಸ್ಟ್ರೆಚ್ ಮಾರ್ಕ್‌ಗಳು ಕತ್ತರಿಸಿದ ಚರ್ಮದ ಜೊತೆ ಹೋಗುತ್ತವೆ, ಮೇಲಿನವು ಉಳಿಯುತ್ತವೆ. ಹರ್ನಿಯಾ ಇದ್ದರೆ ಅದೇ ಹೊತ್ತಿಗೆ ಸರಿಪಡಿಸಬಹುದು.

ಸ್ತನ ಮೇಲೆತ್ತುವುದರಲ್ಲಿ ಜೋತುಬಿದ್ದ ಪ್ರಮಾಣಕ್ಕೆ ತಕ್ಕಂತೆ ಕಲೆ ಉಳಿಯುತ್ತದೆ: ತೊಟ್ಟಿನ ಸುತ್ತ ಮಾತ್ರ, ಅಥವಾ ಅಲ್ಲಿಂದ ನೇರ ಕೆಳಕ್ಕೆ, ಅಥವಾ ಸ್ತನದ ಕೆಳ ಮಡಿಕೆಯ ಉದ್ದಕ್ಕೂ. ತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು. ಸ್ತನ ತುಂಬಿ ಕಾಣಲು ಒಳಗಿಡುವ ಇಂಪ್ಲಾಂಟ್ ಹಾಕಿಸಿಕೊಳ್ಳುವವರು ಅದು ಜೀವನಪೂರ್ತಿ ಬಾಳುವ ವಸ್ತುವಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡಿರಬೇಕು. ಸಿಲಿಕೋನ್ ಇಂಪ್ಲಾಂಟ್ ಒಳಗೆ ಹರಿದಿದೆಯೇ ಎಂದು ನೋಡಲು ಐದಾರು ವರ್ಷಕ್ಕೆ ಮೊದಲ ಸ್ಕ್ಯಾನ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಸ್ಕ್ಯಾನ್ ಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುತ್ತದೆ. ಹೊರಮೈ ಒರಟಾಗಿರುವ ಇಂಪ್ಲಾಂಟ್‌ಗಳಿಗೂ ಅಪರೂಪದ ಒಂದು ಲಿಂಫೋಮಾ ಕ್ಯಾನ್ಸರ್‌ಗೂ ನಂಟು ಕಂಡುಬಂದ ಮೇಲೆ, 2019ರಲ್ಲಿ ಅಂಥ ಒಂದು ಬಗೆಯನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ನಿಮಗೆ ಹಾಕುವ ಇಂಪ್ಲಾಂಟಿನ ಹೆಸರು, ಸಂಖ್ಯೆ ಇರುವ ಕಾರ್ಡನ್ನು ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ. ಅಕ್ಕ ಇಂಪ್ಲಾಂಟ್ ಬೇಡ ಎಂದಳು. ನನಗೂ ಅದೇ ಸರಿ ಎನಿಸಿತು.

ಒಂದನ್ನು ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. "ಹೇಗೂ ತೆಗೆದ ಕೊಬ್ಬು ಇದೆಯಲ್ಲ, ಅದನ್ನು ಪೃಷ್ಠಕ್ಕೆ ತುಂಬಿಬಿಡೋಣ" ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ಕೊಬ್ಬು ಸ್ನಾಯುವಿನೊಳಗಿನ ದೊಡ್ಡ ರಕ್ತನಾಳಕ್ಕೆ ನುಗ್ಗಿ ಶ್ವಾಸಕೋಶ ಸೇರಿದರೆ ಪ್ರಾಣ ಹೋಗುತ್ತದೆ. ಸೌಂದರ್ಯ ಶಸ್ತ್ರಚಿಕಿತ್ಸೆಗಳಲ್ಲೇ ಸಾವಿನ ಅಪಾಯ ಅತಿ ಹೆಚ್ಚು ಕಂಡುಬಂದಿರುವವುಗಳಲ್ಲಿ ಇದೂ ಒಂದು.

ನಾಲ್ಕನೆಯದು: ಸರ್ಜನ್ ಮತ್ತು ಆಸ್ಪತ್ರೆ

ನಾವು ಮೊದಲು ಹೋದ ಕ್ಲಿನಿಕ್‌ನಲ್ಲಿ ವೈದ್ಯರನ್ನು ಕಾಣುವ ಮೊದಲೇ ಕೋಟು ಹಾಕಿದ ಒಬ್ಬರು ಬಣ್ಣಬಣ್ಣದ ದರಪಟ್ಟಿ ಮುಂದಿಟ್ಟು, ಆ ಶನಿವಾರದೊಳಗೆ ಮುಂಗಡ ಕೊಟ್ಟರೆ ರಿಯಾಯಿತಿ ಎಂದರು. ಅಕ್ಕನ ಹಿಮೋಗ್ಲೋಬಿನ್ ಎಷ್ಟೆಂದು ಕೇಳಲಿಲ್ಲ, ಎಷ್ಟು ಹೆರಿಗೆ ಎಂದೂ ಕೇಳಲಿಲ್ಲ. ಎದ್ದು ಬಂದೆವು.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಸ್ಥಿತಿ ಬಿಗಡಾಯಿಸಿದ ಮೇಲೆ ಅವರನ್ನು ಬೇರೆ ಆಸ್ಪತ್ರೆಗೆ ಸಾಗಿಸಲಾಗಿತ್ತು. ಆ ಸುದ್ದಿ ಓದಿದ ನೆನಪು ನಮಗಿಬ್ಬರಿಗೂ ಇತ್ತು. ಹಾಗಾಗಿ ನಾವು ಎಲ್ಲಿ ಹೋದರೂ ಕೇಳಿದ ಮೊದಲ ಪ್ರಶ್ನೆ: ಇದೇ ಕಟ್ಟಡದಲ್ಲಿ ಐಸಿಯು ಇದೆಯೇ? ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ಇಲ್ಲಿ ಯಾರಿರುತ್ತಾರೆ?

ಎಂಬಿಬಿಎಸ್, ಸಾಮಾನ್ಯ ಸರ್ಜರಿಯ ಪದವಿಗಳ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿರುವವರೇ ಪ್ಲಾಸ್ಟಿಕ್ ಸರ್ಜನ್. "ಕಾಸ್ಮೆಟಿಕ್ ತಜ್ಞ" ಎಂಬ ಫಲಕವೊಂದೇ ಅರ್ಹತೆಯಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಅವರ ನೋಂದಣಿ ಇದೆಯೇ ನೋಡಿ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಆಸ್ಪತ್ರೆಗಳು ನೋಂದಣಿ ಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಒಳಗೆ ಹೋದವರು ಗೋಡೆಯ ಮೇಲೆ ಅದನ್ನು ಹುಡುಕಿ.

ಸರ್ಜನ್ ಎದುರು ಕುಳಿತಾಗ ಕೇಳಬೇಕಾದವನ್ನು ಬರೆದುಕೊಂಡು ಹೋಗಿ. ಹೆರಿಗೆಯಾದವರ ಮೇಲೆ ನೀವೇ ಮಾಡಿದ ಶಸ್ತ್ರಚಿಕಿತ್ಸೆಗಳ ಒಂದು ವರ್ಷದ ನಂತರದ ಚಿತ್ರಗಳಿವೆಯೇ? ಅರಿವಳಿಕೆ ಕೊಡುವವರು ತಜ್ಞ ವೈದ್ಯರೇ, ಕೊನೆಯವರೆಗೂ ಪಕ್ಕದಲ್ಲಿರುತ್ತಾರೆಯೇ? ರಕ್ತ ಹೆಪ್ಪುಗಟ್ಟದಂತೆ ಏನು ಮಾಡುತ್ತೀರಿ? ಎರಡನೇ ಬಾರಿ ಹೊಲಿಗೆ ಹಾಕಬೇಕಾಗಿ ಬಂದರೆ ಖರ್ಚು ಯಾರದು? ಉತ್ತರಿಸಲು ಬೇಸರಪಡುವವರಿಗೆ ನಿಮ್ಮ ದೇಹ ಒಪ್ಪಿಸಬೇಡಿ.

ಹಣದ ಮಾತು ಚಿಕ್ಕದು. ಸೌಂದರ್ಯ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಹಣ ಕೊಡುವುದಿಲ್ಲ, ಮೇಲೆ ಜಿಎಸ್‌ಟಿಯೂ ಬೀಳುತ್ತದೆ. ಹರ್ನಿಯಾ ಇದ್ದರೆ ಆ ಭಾಗದ ವೆಚ್ಚ ವಿಮೆಗೆ ಸೇರುತ್ತದೆಯೇ ಎಂದು ಮೊದಲೇ ವಿಮಾ ಕಂಪನಿಯಿಂದ ಬರಹದಲ್ಲಿ ಕೇಳಿ.

ಐದನೆಯದು: ದೇಹದ ತಯಾರಿ, ಮನೆಯ ತಯಾರಿ

ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿದೆ. ಎರಡು ಹೆರಿಗೆ ದಾಟಿದವರು ತಮಗೆ ಅದು ಇಲ್ಲವೆಂದು ಭಾವಿಸಬೇಡಿ. ಅಕ್ಕನ ಹಿಮೋಗ್ಲೋಬಿನ್ 9.6 ಇತ್ತು. ಸರ್ಜನ್ ದಿನಾಂಕ ಕೊಡದೆ ಕಬ್ಬಿಣದ ಮಾತ್ರೆ ಬರೆದು ಕಳಿಸಿದರು. ಮೂರು ತಿಂಗಳಲ್ಲಿ ಅದು 12ಕ್ಕೆ ಬಂತು. ಆ ವೈದ್ಯರ ಮೇಲೆ ನಮಗೆ ನಂಬಿಕೆ ಹುಟ್ಟಿದ್ದು ಅಂದೇ. ಇದರ ಜೊತೆ ಸಕ್ಕರೆ, ಥೈರಾಯ್ಡ್, ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆ, ಇಸಿಜಿ, ಗರ್ಭ ಪರೀಕ್ಷೆ, ವಯಸ್ಸಿಗೆ ತಕ್ಕಂತೆ ಸ್ತನದ ಸ್ಕ್ಯಾನ್ ಇರುತ್ತವೆ.

ನುಂಗುವುದೆಲ್ಲವನ್ನೂ ವೈದ್ಯರಿಗೆ ಹೇಳಿ: ಗರ್ಭನಿರೋಧಕ ಗುಳಿಗೆ, ಆಸ್ಪಿರಿನ್, ನೋವಿನ ಮಾತ್ರೆ, ಮೀನೆಣ್ಣೆ, ಮನೆಯ ಲೇಹ್ಯ, ಆಯುರ್ವೇದದ ಚೂರ್ಣ. ಕೆಲವು ರಕ್ತವನ್ನು ತೆಳುವಾಗಿಸುತ್ತವೆ, ಕೆಲವು ಗರ್ಭನಿರೋಧಕ ಗುಳಿಗೆಗಳು ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತವೆ. ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ಅವರೇ ಹೇಳಲಿ, ನೀವೇ ನಿಲ್ಲಿಸಬೇಡಿ. ತಂಬಾಕು ಯಾವ ರೂಪದಲ್ಲಿದ್ದರೂ ಕನಿಷ್ಠ ನಾಲ್ಕು ವಾರ ಮೊದಲು ಬಿಡಲೇಬೇಕು. ಅದು ರಕ್ತನಾಳಗಳನ್ನು ಕುಗ್ಗಿಸುವುದರಿಂದ ಎಳೆದು ಹೊಲಿದ ಚರ್ಮದ ಅಂಚು ಕಪ್ಪಾಗಿ ಸಾಯಬಹುದು.

ಇನ್ನು ಮನೆ. ಇದನ್ನು ಎರಡನೇ ಬಾಣಂತನ ಎಂದೇ ತಿಳಿಯಿರಿ. ಮೊದಲನೆಯದರಲ್ಲಿ ತವರು, ಅಮ್ಮ, ಹಂಡೆ ಬಿಸಿನೀರು ಎಲ್ಲ ತಾನಾಗಿ ಸಿದ್ಧವಾಗಿರುತ್ತದೆ. ಇದಕ್ಕೆ ಮಾತ್ರ ಯಾರನ್ನೂ ಕೇಳಲು ಸಂಕೋಚ. "ಅಂದಕ್ಕಾಗಿ ಮಾಡಿಸಿಕೊಂಡದ್ದು" ಎಂಬ ಮಾತಿಗೆ ಹೆದರಿ ಅಕ್ಕ ಅಮ್ಮನಿಗೂ ಹೇಳಿರಲಿಲ್ಲ. ಹೇಳಬೇಕಿತ್ತು. ಮೊದಲ ಎರಡು ವಾರ ಹಗಲು ರಾತ್ರಿ ಒಬ್ಬರು ಜೊತೆಯಲ್ಲಿರಬೇಕು, ಆಮೇಲೆ ನಾಲ್ಕು ವಾರ ಮಗುವನ್ನು ಎತ್ತಲು, ಸ್ನಾನ ಮಾಡಿಸಲು ಒಬ್ಬರು ಬೇಕು.

ಚಾಪೆಯ ಮೇಲೆ ಮಲಗಿ ಏಳುವುದು ಸಾಧ್ಯವಿಲ್ಲ, ಮಂಚ ಬೇಕು. ನೆಲಮಟ್ಟದ ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂರಲಾಗುವುದಿಲ್ಲ. ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ತಂದಿಡಿ. ಅಡುಗೆಮನೆಯ ಡಬ್ಬಗಳನ್ನು ಸೊಂಟದ ಮಟ್ಟಕ್ಕೆ ಇಳಿಸಿ. ಮಗುವಿಗೆ ಮಂಚ ಹತ್ತಲು ಗಟ್ಟಿಯಾದ ಚಿಕ್ಕ ಸ್ಟೂಲ್ ಕೊಡಿ, ಒಂದು ತಿಂಗಳ ಮೊದಲಿನಿಂದಲೇ ಹತ್ತಿ ಇಳಿಯುವುದನ್ನು ಆಟವಾಗಿಸಿ. ಅಮ್ಮನ ಹೊಟ್ಟೆಯ ಮೇಲೆ ಏನೂ ಬೀಳಬಾರದು, ಪಕ್ಕದಲ್ಲಿ ಒರಗಿ ಕೂರಬಹುದು ಎಂದು ಮೊದಲೇ ಹೇಳಿಕೊಡಿ. ನಾವು ಇದನ್ನು ಮೂರನೇ ದಿನ ಕಲಿತೆವು, ಮಗು ಎರಡು ರಾತ್ರಿ ಅತ್ತ ಮೇಲೆ.

ಶಸ್ತ್ರಚಿಕಿತ್ಸೆಯ ದಿನ

ಉಪವಾಸದ ಹೊತ್ತನ್ನು ಅರಿವಳಿಕೆ ತಜ್ಞರು ಹೇಳುತ್ತಾರೆ, ಒಂದು ಲೋಟ ಕಾಫಿಗಾಗಿಯೂ ಅದನ್ನು ಮುರಿಯಬೇಡಿ. ಬೆಳಿಗ್ಗೆ ಸರ್ಜನ್ ನಿಮ್ಮನ್ನು ನಿಲ್ಲಿಸಿ ಮೈಮೇಲೆ ಪೆನ್ನಿನಿಂದ ಗುರುತು ಹಾಕುತ್ತಾರೆ. ನೀವು ಸಾಮಾನ್ಯವಾಗಿ ತೊಡುವ ಒಳಉಡುಪನ್ನು ತೆಗೆದುಕೊಂಡು ಹೋದರೆ ಗೆರೆಯನ್ನು ಅದರೊಳಗೆ ಮರೆಯಾಗುವಂತೆ ಎಳೆಯಲು ಅವರಿಗೆ ಅನುಕೂಲ. ಒಪ್ಪಿಗೆ ಪತ್ರವನ್ನು ನಿಮಗೆ ಬರುವ ಭಾಷೆಯಲ್ಲಿ ಕೇಳಿ, ಓದಿ, ಆಮೇಲೆ ಸಹಿ ಮಾಡಿ.

ಮೊದಲ ವಾರ

ತಲೆದಿಂಬಿನ ಕಡೆ ಎತ್ತರಿಸಿ, ಮಂಡಿಯ ಕೆಳಗೆ ದಿಂಬಿಟ್ಟು, ದೇಹ ನಡುವೆ ಬಾಗಿರುವಂತೆ ಮಲಗಬೇಕು. ಚಪ್ಪಟೆಯಾಗಿ ಮಲಗಿದರೆ ಹೊಲಿಗೆಯ ಮೇಲೆ ಎಳೆತ ಬೀಳುತ್ತದೆ. ನಡೆಯುವಾಗಲೂ ಒಂದೆರಡು ವಾರ ಮುಂದಕ್ಕೆ ಬಾಗಿಯೇ ನಡೆಯಬೇಕು. ಆದರೆ ನಡೆಯಲೇಬೇಕು. ಅಂದು ಸಂಜೆಯೋ ಮರುದಿನ ಬೆಳಿಗ್ಗೆಯೋ ದಾದಿ ಎಬ್ಬಿಸಿ ನಾಲ್ಕು ಹೆಜ್ಜೆ ಹಾಕಿಸುತ್ತಾರೆ. ಬಾಣಂತಿಗೆ ಹೇಳುವಂತೆ "ಮಲಗಿಯೇ ಇರು" ಎಂಬ ಉಪದೇಶ ಇಲ್ಲಿ ಪ್ರಾಣಕ್ಕೆ ಕುತ್ತು. ಎಚ್ಚರವಿರುವಾಗ ಗಂಟೆಗೊಮ್ಮೆ ಪಾದಗಳನ್ನು ಹಿಂದೆ ಮುಂದೆ ಆಡಿಸಿ. ಬಿಗಿ ಕಾಲುಚೀಲ, ರಕ್ತ ಹೆಪ್ಪುಗಟ್ಟದಂತೆ ಚುಚ್ಚುಮದ್ದು ಬರೆದಿದ್ದರೆ ಒಂದು ಡೋಸ್ ಕೂಡ ತಪ್ಪಿಸಬೇಡಿ.

ಹೊಟ್ಟೆಯ ಕೆಳಗಿನಿಂದ ಎರಡು ತೆಳುವಾದ ಕೊಳವೆಗಳು ಹೊರಬಂದಿರುತ್ತವೆ. ತುದಿಯಲ್ಲಿ ಮುಷ್ಟಿಗಾತ್ರದ ರಬ್ಬರಿನ ಬುಡ್ಡಿ, ಚರ್ಮದ ಕೆಳಗೆ ಸೇರುವ ದ್ರವ ಅದರಲ್ಲಿ ಇಳಿಯುತ್ತದೆ. ಮೊದಲ ಸಲ ನನ್ನ ಕೈ ನಡುಗಿತ್ತು. ಸೋಪಿನಿಂದ ಕೈ ತೊಳೆದು, ಮುಚ್ಚಳ ತೆಗೆದು, ಅಳತೆಯ ಲೋಟಕ್ಕೆ ಸುರಿದು, ಬುಡ್ಡಿಯನ್ನು ಅಂಗೈಯಲ್ಲಿ ಪೂರ್ತಿ ಹಿಚುಕಿ ಗಾಳಿ ಹೊರಹಾಕಿ, ಹಿಚುಕಿರುವಾಗಲೇ ಮುಚ್ಚಳ ಹಾಕಬೇಕು. ಹಾಗೆ ಚಪ್ಪಟೆಯಾಗಿದ್ದರೆ ಮಾತ್ರ ಅದು ಎಳೆಯುತ್ತದೆ. ದಿನಕ್ಕೆರಡು ಬಾರಿ, ಎಡ ಬಲ ಬೇರೆ ಬೇರೆ ಬರೆದಿಡಿ. ನನ್ನ ಪುಸ್ತಕದಲ್ಲಿ ಮೊದಲ ದಿನ ಎಡಕ್ಕೆ 90 ಮಿಲಿ, ಕೆಂಪು. ನಾಲ್ಕನೇ ದಿನ 45, ತೆಳು ಗುಲಾಬಿ. ಎಂಟನೇ ದಿನ 20, ಒಣಹುಲ್ಲಿನ ಬಣ್ಣ. ದಿನವಿಡೀ ಸೇರಿ 30 ಮಿಲಿಗಿಂತ ಕಡಿಮೆಯಾದ ಮೇಲೆ ಸಾಮಾನ್ಯವಾಗಿ ಕೊಳವೆ ತೆಗೆಯುತ್ತಾರೆ.

ಕೆಮ್ಮು, ಸೀನು, ನಗು ಬಂದಾಗ ದಿಂಬನ್ನು ಹೊಟ್ಟೆಗೆ ಒತ್ತಿಹಿಡಿಯಲಿ. ನೋವಿನ ಮಾತ್ರೆಗಳಿಂದ ಮಲಬದ್ಧತೆ ಬರುತ್ತದೆ, ಮುಕ್ಕಿದರೆ ಒಳಹೊಲಿಗೆಗೆ ಪೆಟ್ಟು. ಬಾಣಂತಿ ಪಥ್ಯದ ಹೆಸರಿನಲ್ಲಿ ನೀರು, ಸೊಪ್ಪು ಕಡಿಮೆ ಮಾಡಬೇಡಿ. ಬೇಳೆ, ಮೊಟ್ಟೆ, ಮೊಸರು, ಹಣ್ಣು ಧಾರಾಳವಾಗಿ ಕೊಡಿ. ಸ್ನಾನಕ್ಕೆ ಅನುಮತಿ ಸಿಕ್ಕಿದ ದಿನ ಹೊಟ್ಟೆಯ ಬಿಗಿ ಬೆಲ್ಟ್ ಮೊದಲ ಸಲ ಬಿಚ್ಚಿದಾಗ ತಲೆ ಸುತ್ತುತ್ತದೆ. ಅಕ್ಕ ಬಚ್ಚಲಿನಲ್ಲಿ ಕುಸಿದಳು, ನಾನು ಹಿಂದೆಯೇ ನಿಂತಿದ್ದರಿಂದ ತಲೆ ಒಡೆಯಲಿಲ್ಲ. ಕೂರಲು ಸ್ಟೂಲ್ ಹಾಕಿ, ಬಾಗಿಲಿಗೆ ಚಿಲಕ ಹಾಕಬೇಡಿ.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳನ್ನು ಕಾಗದದಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿ: ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಅಥವಾ ಎದೆನೋವು, ಒಂದೇ ಕಾಲಿನ ಮೀನಖಂಡದಲ್ಲಿ ನೋವು, ಊತ, ಒಂದು ಕಡೆಯ ಸ್ತನ ಅಥವಾ ಹೊಟ್ಟೆಯ ಭಾಗ ಏಕಾಏಕಿ ಬಿಗಿದು ಉಬ್ಬುವುದು, 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಗಾಯದಿಂದ ಕೀವು, ದುರ್ವಾಸನೆ, ತೊಟ್ಟು ಅಥವಾ ಚರ್ಮದ ಅಂಚು ಕಪ್ಪಾಗುವುದು. ಉಸಿರು ಕಟ್ಟಿದರೆ, ಎದೆನೋವು ಬಂದರೆ, ಮೀನಖಂಡ ನೋಯುತ್ತಾ ಊದಿದರೆ ಸರ್ಜನ್‌ಗೆ ಫೋನ್ ಮಾಡುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ ಹೊರಡಿ.

ಎರಡನೇ ವಾರದಿಂದ ಆರನೇ ವಾರ

ಎರಡನೇ ವಾರದ ಕೊನೆಗೆ ಬೆನ್ನು ನೇರವಾಗುತ್ತದೆ, ನೋವು ಇಳಿಯುತ್ತದೆ. ಅಪಾಯ ಶುರುವಾಗುವುದು ಆಗಲೇ. ಚೆನ್ನಾಗಿಯೇ ಇದ್ದೇನಲ್ಲ ಎಂದು ಬಕೆಟ್ ಎತ್ತುವುದು, ಕುಕ್ಕರ್ ಇಳಿಸುವುದು, ಮಗು ಬಿದ್ದರೆ ಬಾಚಿ ಎತ್ತಿಕೊಳ್ಳುವುದು. ಒಳಗಿನ ಹೊಲಿಗೆ ಇನ್ನೂ ಹಸಿ. ಕುಳಿತು ಮಾಡುವ ಕೆಲಸಕ್ಕೆ ಮೂರು ನಾಲ್ಕು ವಾರದಲ್ಲಿ ಹಿಂತಿರುಗಬಹುದು. ಬೆಲ್ಟ್ ಸಾಮಾನ್ಯವಾಗಿ ಆರು ವಾರ. ಹೊಟ್ಟೆಯ ವ್ಯಾಯಾಮ ಎಂಟು ವಾರಗಳ ಆಸುಪಾಸಿನಲ್ಲಿ, ಅದೂ ಸರ್ಜನ್ ಒಪ್ಪಿದ ಮೇಲೆ. ಕೊಳವೆ ತೆಗೆದ ಮೇಲೂ ಹೊಟ್ಟೆಯಲ್ಲಿ ನೀರು ಕುಲುಕಿದಂತೆ ಎನಿಸಿದರೆ ದ್ರವ ಸೇರಿಕೊಂಡಿರಬಹುದು, ಸೂಜಿಯಿಂದ ತೆಗೆಯುತ್ತಾರೆ, ಗಾಬರಿ ಬೇಡ.

ವಿದೇಶದಿಂದ ಮೂರು ವಾರದ ರಜೆಗೆ ಊರಿಗೆ ಬಂದು ಇದನ್ನು ಮಾಡಿಸಿಕೊಂಡು ಹೋಗುವ ಲೆಕ್ಕ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಹದಿನೈದು ಇಪ್ಪತ್ತು ಗಂಟೆಯ ವಿಮಾನ ಪ್ರಯಾಣ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿಸಲು ಹೇಳಿ ಮಾಡಿಸಿದಂತಿದೆ, ಅಲ್ಲಿ ಹೊಲಿಗೆ ಬಿಟ್ಟರೆ ನೋಡುವ ಸರ್ಜನ್ ಇಲ್ಲಿರುತ್ತಾರೆ. ಆರು ವಾರ ಇರಲು ಆಗುವುದಾದರೆ ಮಾತ್ರ ಬನ್ನಿ.

ಆರು ವಾರದ ನಂತರ

ಕಲೆ ಮೊದಲ ಕೆಲವು ತಿಂಗಳು ಇನ್ನಷ್ಟು ಗಾಢವಾಗುತ್ತದೆ, ಉಬ್ಬುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ದಪ್ಪ ಕಲೆಯಾಗುವ ಸಾಧ್ಯತೆ ಹೆಚ್ಚು. ಕುಟುಂಬದಲ್ಲಿ ಕಿವಿ ಚುಚ್ಚಿಸಿದ ಜಾಗವೂ ಗಂಟುಕಟ್ಟಿದ ಉದಾಹರಣೆ ಇದ್ದರೆ ಅದನ್ನು ಸರ್ಜನ್‌ಗೆ ಮೊದಲ ಭೇಟಿಯಲ್ಲೇ ಹೇಳಿ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಪಟ್ಟಿ ಅಥವಾ ಜೆಲ್ ಅನ್ನು ತಿಂಗಳುಗಟ್ಟಲೆ ಬಿಡದೆ ಬಳಸಬೇಕು. ಕಲೆ ತಿಳಿಯಾಗಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಅಕ್ಕನದು ಹದಿನಾಲ್ಕನೇ ತಿಂಗಳಿಗೆ ತೆಳು ಕಂದು ಗೆರೆಯಾಯಿತು, ಬಲತುದಿಯಲ್ಲಿ ಮಾತ್ರ ಒಂದಿಂಚು ದಪ್ಪವಾಗಿ ಉಳಿದಿದೆ.

ಹೊಕ್ಕುಳಿನ ಕೆಳಗೆ ಅಂಗೈಯಗಲ ಜಾಗ ಅವಳಿಗೆ ಈಗಲೂ ಮರಗಟ್ಟಿದೆ. ಇದು ಹಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ಶಾಶ್ವತವಾಗಿ ಇರುತ್ತದೆ. ಹಾಗಾಗಿ ಸೊಂಟನೋವು, ಮುಟ್ಟಿನ ನೋವು ಎಂದು ಬಿಸಿನೀರಿನ ಚೀಲವನ್ನು ಆ ಜಾಗದ ಮೇಲೆ ಇಟ್ಟುಕೊಳ್ಳಬೇಡಿ, ಕೆಂಡದ ಕಾವು ಕೊಡಲು ಯಾರನ್ನೂ ಬಿಡಬೇಡಿ. ಬಿಸಿ ತಿಳಿಯದೆ ಚರ್ಮ ಸುಟ್ಟುಹೋಗುತ್ತದೆ, ಬೊಬ್ಬೆ ಎದ್ದ ಮೇಲೆಯೇ ಕಣ್ಣಿಗೆ ಕಾಣುವುದು. ಬೇಕೇ ಬೇಕಾದರೆ ಚೀಲವನ್ನು ಬೆನ್ನಿಗೆ ಇಟ್ಟುಕೊಳ್ಳಿ, ಮೊದಲು ಮಣಿಕಟ್ಟಿಗೆ ತಾಗಿಸಿ ಬಿಸಿ ನೋಡಿಕೊಂಡು.